ಕೂದಲೆಳೆಯಷ್ಟು ಮೇಲೆ

ಚಿಂತಾಮಣಿಯಲ್ಲಿ ಆರೂವರೆ ಸಾವಿರ ಹೇಳಿದ,
ಹೆಗಲ ಪಟ್ಟಿ ಇಲ್ಲವಲ್ಲ ಅಂತ ಕೊನೆಗೆ ನೂರು ಬಿಟ್ಟ.
ಶಿಡ್ಲಘಟ್ಟದ ಬಸ್ಸಿನಲ್ಲಿ ಲಗೇಜು ಹರಿಯುತ್ತಾ ಕಂಡಕ್ಟರು,
ಏನ್ ಸ್ವಾಮಿ, ವೀಣೆಯಾ?
ಅಲ್ಲ, ಬೇಸ್ ಗಿಟಾರು ಅಂದೆ.
ಅವನಿಗೆ ಎರಡೂ ಒಂದೇ.

ಪ್ಲೈವುಡ್ಡಿನ ಮೈ. ಕತ್ತು ಮಾತ್ರ ಭಾರ:
ಎಡಗೈ ಬಿಟ್ಟರೆ ಸಾಕು,
ಕೊನೇ ಬಸ್ಸಿನಲ್ಲಿ ತೂಕಡಿಸುವವನ ಹಾಗೆ
ತಲೆ ನೆಲಕ್ಕಿಳಿಯುತ್ತದೆ.
ಫ್ರೆಟ್ಟುಗಳ ಅಂಚು ತೋರುಬೆರಳ ಬುಡ ಗೀರಿತು.
ಅಂಗಡಿಯಲ್ಲಿ ಅರ ಇದೆಯಲ್ಲ, ಉಜ್ಜಿದೆ.

ಮೂರನೇ ವಾರ ಪಿಕಪ್ಪು ಮೂಕಾಯಿತು.
ಬಿಚ್ಚಿದರೆ ಒಳಗೆ ನನ್ನದೇ ಕಸುಬು:
ತಾಮ್ರ, ಸುತ್ತು, ಮತ್ತೂ ಸುತ್ತು.
ಇಪ್ಪತ್ತೆರಡು ವರ್ಷ ಮೋಟಾರು ಕಟ್ಟಿದ ಈ ಕೈ
ಇಷ್ಟು ಸಣ್ಣ ತಂತಿ ಮುಟ್ಟಿರಲಿಲ್ಲ.
ಕಂಡದ್ದುಂಟು, ಅಮಾನುಲ್ಲಾನ ಬಾಣಲೆಯಲ್ಲಿ,
ಕುದಿನೀರಲ್ಲಿ ಗೂಡು ಬಿಚ್ಚುತ್ತಾ ಮೇಲೇಳುವ ಎಳೆ.
ಮೆಹಬೂಬ್ ಬೀಯನ್ನು ಕರೆದೆ.
ಬೆಂದು ಬೆಂದು ಗೆರೆಯಳಿದ ಬೆರಳು,
ಆಧಾರ್ ಯಂತ್ರಕ್ಕೆ ಗುರುತೇ ಹತ್ತದ ಬೆರಳು.
ಕಣ್ಣು ಕಿರಿದು ಮಾಡಿ ಒಂದು ಗಳಿಗೆ ಸವರಿದಳು,
ತುಂಡಾದ ತುದಿ ಎತ್ತಿ ಕೊಟ್ಟಳು:
ತಗೋ, ಸತ್ತಿಲ್ಲ.

ಬೆಸುಗೆ ಹಾಕಿ ಸ್ವಿಚ್ಚೊತ್ತಿದೆ. ಗುಂಯ್.
ತಂತಿ ಮುಟ್ಟಿದರೆ ಸುಮ್ಮನೆ. ಬಿಟ್ಟರೆ ಗುಂಯ್.
ಅರ್ಥಿಂಗು ನಾನೇ ಅಂತಾಯಿತು.

ಅಂಗಡಿಯ ಎದುರಿಗೇ ಟ್ರಾನ್ಸ್‌ಫಾರ್ಮರು.
ಮೂರು ಫೇಸು ಬಂದ ರಾತ್ರಿ ಬೀದಿಯುದ್ದ ರೀಲಿಂಗು,
ಗೋಡೆ, ಲೋಟ, ದವಡೆಹಲ್ಲು, ಎಲ್ಲಕ್ಕೂ ಒಂದೇ ಸ್ವರ.
ಆ ಸ್ವರಕ್ಕೆ ಸಣ್ಣ ತಂತಿ ಕೂಡಿಸಿದೆ,
ಸಣ್ಣದಕ್ಕೆ ಉಳಿದ ಮೂರು.
ಬಾರಿಸುತ್ತಾ ಬಾರಿಸುತ್ತಾ ಎಷ್ಟು ಹೊತ್ತಾಯಿತೋ,
ಪಕ್ಕದ ಮನೆಯವರು ಬಾಗಿಲಿಗೆ ಬಂದರು:
ಯಾರ ಮೋಟಾರಪ್ಪಾ, ಬೇರಿಂಗ್ ಹೋಗಿರೋದು?

ಜಂಗಮಕೋಟೆಯ ಆರತಕ್ಷತೆಗೆ ಆರ್ಕೆಸ್ಟ್ರಾದವರು ಕರೆದರು.
ಕೀಬೋರ್ಡಿನ ಸಂಪಂಗಿ ಮೊದಲೇ ಹೇಳಿದ್ದ,
ನಿನ್ ಕೆಲಸ ನನ್ನ ಎಡಗೈ ಮಾಡುತ್ತೆ,
ಆದ್ರೂ ಬಾ, ಸ್ಟೇಜು ತುಂಬಿದಂಗಿರುತ್ತೆ.
ಎರಡನೇ ಹಾಡಿಗೆ ಕಿವಿಯ ಹತ್ತಿರ ಬಾಗಿದ:
ಕೂದಲೆಳೆಯಷ್ಟು ಮೇಲಿದ್ದೀಯಲ್ಲೋ, ಇಳಿಸು.

ಇಳಿಸಲಿಲ್ಲ ಅಂದರೆ ಸುಳ್ಳು.
ಇಳಿಸಿದೆ. ಊಟ ಅವರದು.
ಆಮೇಲೆ ನಾನು ಬಾರಿಸಿದ್ದು
ಅವನ ಎಡಗೈಯೊಳಗೆ ಕರಗಿಹೋಯಿತು,
ಯಾರಿಗೂ, ನನಗೂ ಕೇಳಿಸಲಿಲ್ಲ.

ರಾತ್ರಿ ಒಂದಕ್ಕೆ ಬೀದಿಗೆ ಬಂದಾಗ ಮೂರು ಫೇಸಿತ್ತು.
ಬಾಗಿಲ ಬೀಗ ತೆಗೆಯುವ ಮೊದಲೇ
ಮೆಟ್ಟಿಲ ಮೇಲೆ ಕೂತು
ಬಿರಡೆಯನ್ನು
ಮತ್ತೆ ಅಷ್ಟೇ ಅಷ್ಟು ಮೇಲಕ್ಕೆ.