ಕೂಗಳತೆ

ಜೋಡಿ ಸೈಕಲ್ಲಿನ ಮುಂದಿನ ಸೀಟು ನನ್ನದು.
ಹ್ಯಾಂಡಲು, ಬ್ರೇಕು, ಗಂಟೆ, ಕಣ್ಣು, ಎಲ್ಲ ನನ್ನ ಸುಪರ್ದಿಗೆ.
ಹಿಂದೆ ವೆಂಡೆಲ್ ತ್ವೇಟೆನ್, ಎಪ್ಪತ್ತೊಂಬತ್ತು,
ಸಕ್ಕರೆ ಕಾಯಿಲೆ ನೋಟ ಕಸಿದು ಹನ್ನೊಂದು ವರ್ಷ.
ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಇದೇ ದಿಬ್ಬದ ಮೇಲೆ
ಗೋಧಿ ಹೊತ್ತ ರೈಲುಗಳ ಬಾಲಕ್ಕೆ ಕೂತ ಗಾರ್ಡು.
"ಈಗಲೂ ನನಗೆ ಕಡೇ ಡಬ್ಬಿಯೇ," ಅನ್ನುತ್ತಾನೆ,
"ಹೊರಡು ಡ್ರೈವರೇ, ಹಸಿರು ತೋರಿಸಿದ್ದೀನಿ."

ಹಳಿ ಕಿತ್ತರು.
ಸ್ಲೀಪರುಗಳು ಯಾರ್ಯಾರದೋ ಹೂದೋಟಕ್ಕೆ ಅಂಚಾದವು.
ಉಳಿದ ದಿಬ್ಬಕ್ಕೆ ಸುಣ್ಣಕಲ್ಲಿನ ಪುಡಿ ಹಾಸಿ
ಪಾರ್ಕಿನವರು ಬೋರ್ಡು ನೆಟ್ಟರು:
ನಡೆಯುವವರಿಗೆ, ಸೈಕಲ್ಲಿನವರಿಗೆ. ಕುದುರೆಗಳು ಬಲಗಡೆ ಹುಲ್ಲಿನಲ್ಲಿ.

ಪಶ್ಚಿಮ ಮಿನ್ನೆಸೋಟದ ಈ ಬಯಲಿಗೆ ಅಡ್ಡಗೋಡೆಯಿಲ್ಲ.
ಬೇಸಗೆಯ ಕಡೆಗೆ ಹುಲ್ಲು ಭುಜ ಮುಟ್ಟುತ್ತದೆ,
ತುದಿಯಲ್ಲಿ ಕೋಳಿಕಾಲಿನ ಹಾಗೆ ಮೂರು ಬೆರಳು ಬಿಚ್ಚಿ.
ಬೇರು ಅದರ ಎರಡರಷ್ಟು ಆಳ ಅಂತೆ.
"ನೀನು ನೋಡ್ತಿರೋದು ಬರೀ ಮೀಸೆ," ಅನ್ನುತ್ತಾನೆ.

ನಾನು ಹೇಳುವ ಮೊದಲೇ ಹೇಳುತ್ತಾನೆ:
"ಇನ್ನು ಏರು. ಕಣ್ಣಿಗೆ ಕಾಣಲ್ಲ, ತೊಡೆಗೆ ಗೊತ್ತಾಗುತ್ತೆ."
ಗೊತ್ತಾಗುತ್ತದೆ.
"ಎಡಕ್ಕೆ ಧಾನ್ಯದ ಗೋಪುರ,"
ಅನ್ನುತ್ತಿದ್ದಂತೆ ಗಾಳಿ ಒಂದು ಉಸಿರಿನಷ್ಟು ತಡೆದು ಮತ್ತೆ ಬಡಿಯುತ್ತದೆ.
"ಸೇತುವೆ," ಅನ್ನುವಷ್ಟರಲ್ಲಿ ಗಾಲಿಯಡಿ ಹಲಗೆ ಲಟಲಟ.
ಏಪ್ರಿಲಿನಲ್ಲಿ ಹಳೇ ಹುಲ್ಲಿಗೆ ಬೆಂಕಿ ಕೊಟ್ಟಿದ್ದರು;
ಕರಿ ಎಲ್ಲಿ ಶುರು, ಎಲ್ಲಿ ಮುಗಿಯಿತು,
ಮೂಗಿನಿಂದಲೇ ಗಡಿ ಹಾಕಿದ.
ಎರಡು ಬೇಸಗೆ ನಾನು ಸುಮ್ಮನೆ ಹ್ಯಾಂಡಲು ಹಿಡಿದಿದ್ದೆ, ಅಷ್ಟೆ.

ಈ ವರ್ಷ ಸರೋವರ ಉಕ್ಕಿ
ದಿಬ್ಬದ ಅರ್ಧ ಮೈಲಿ ನುಂಗಿತು.
ಪಾರ್ಕಿನವರು ಬಯಲೊಳಗೆ ಹುಲ್ಲು ಕೊಯ್ದು
ಒಂದು ಸುತ್ತುಹಾದಿ ಬಿಡಿಸಿಕೊಟ್ಟರು.
ಸೆಪ್ಟೆಂಬರಿನ ಒಂದು ಶನಿವಾರ ಅದರೊಳಕ್ಕೆ ತಿರುಗಿದೆ.
ಗಾಲಿಯ ಸದ್ದು ಸತ್ತುಹೋಯಿತು.
ಹಿಂದಿನ ಪೆಡಲು ನಿಂತಿತು.
ಸರಪಳಿ ಒಂದೇ. ಅವನ ಕಾಲು ನಿಂತರೆ ನನ್ನದೂ ನಿಲ್ಲಬೇಕು.

"ಎಲ್ಲಿದ್ದೀವಿ?"

ಈ ಪ್ರಶ್ನೆ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.
ಇಳಿದು ನಿಂತೆವು. ತಡವರಿಸುತ್ತಾ ಶುರುಮಾಡಿದೆ:
ನೀರು. ನೀಲಿ. ಅಲ್ಲ, ಬೂದು. ಅಂಚಿಗೆ ಒಂಚೂರು ತವರ.
ಮುಳುಗಿದ ಹಾದಿಯ ಬೋರ್ಡು, ತಲೆ ಮಾತ್ರ ಹೊರಗೆ.
ಆಚೆ ಬಿಳಿ ಹೆಜ್ಜಾರ್ಲೆಗಳ ಹಿಂಡು,
ಚರ್ಚಿನ ಊಟ ಮುಗಿದ ಮೇಲೆ
ಪಾತ್ರೆ ತೊಳೆದು ಬೋರಲು ಹಾಕಿದ ಹಾಗೆ.

"ಬಣ್ಣ ಬಿಡು," ಅಂದ. "ದೂರ ಹೇಳು."

ಕಣ್ಣಳತೆಯಲ್ಲಿ ಹೇಳಿದೆ: ಇನ್ನೂರು ಗಜ.
ಇಲ್ಲ, ನಾನೂರು.
ನೀರಿನ ಮೇಲೆ ಕಣ್ಣು ಸುಳ್ಳು ಹೇಳುತ್ತದೆ.

ಆಗ ಎರಡೂ ಕೈ ಬಾಯಿಗೆ ಬೊಗಸೆ ಮಾಡಿ
ಗಾರ್ಡು ಕೂಗಿದ, ಒಂದೇ ಒಂದು ಉದ್ದನೆಯ ಹೋ.
ಹೆಜ್ಜಾರ್ಲೆಗಳು ಎದ್ದವು, ನೀರ ಮೇಲೆ ಓಡುವ ಪಾದ,
ತಗಡಿಗೆ ಆಲಿಕಲ್ಲು ಬಿದ್ದ ಹಾಗೆ; ಆಮೇಲೆ ರೆಕ್ಕೆ;
ಆಮೇಲೆ ಏನೂ ಇಲ್ಲ;
ಆಮೇಲೆ ಆಚೆ ದಡದಿಂದ ಯಾರದೋ ನಾಯಿ
ಒಂದೇ ಸಲ ಬೊಗಳಿ ಸುಮ್ಮನಾಯಿತು.

"ಆರುನೂರು," ಅಂದ. "ನಮ್ಮ ಲೈನು
ನೆಟ್ಟಗೆ ಆ ನಾಯಿಯ ಕಡೆಗೇ ಹೋಗುತ್ತಿತ್ತು."
ಸೀಟು ತಡವಿ ಹತ್ತಿ ಕೂತ.
"ಹೊರಡು."

ಸುತ್ತುಹಾದಿಯ ಉದ್ದಕ್ಕೂ ಮಾತಿಲ್ಲ.
ಮನೆಗೆ ಬಂದು ನೋಡಿದರೆ ಕಾಲುಚೀಲದ ತುಂಬ ಹುಲ್ಲಿನ ಬೀಜ.
ಕೂತು ಕಿತ್ತೆ, ಒಂದೊಂದಾಗಿ, ಕತ್ತಲಾಗುವವರೆಗೆ.
ವೆಂಡೆಲ್ ಕೀಳಲಿಲ್ಲವಂತೆ. ಫೋನಿನಲ್ಲಿ ನಗುತ್ತಿದ್ದ:
"ಟಿಕೆಟ್ಟಿಲ್ಲದೆ ಹತ್ತಿದವರು.
ಮುಂದಿನ ಶನಿವಾರ ಹತ್ತಿದ ಕಡೆಯೇ ಇಳಿಯಲಿ, ಬಿಡು."