ಚಿಲ್ಲರೆ ಬೆಳಕು

ಮೊದಲ ದಿನ ಇಪ್ಪತ್ತೇ ಸೆಕೆಂಡು.
ಸಿಸ್ಟರ್ ಫಿಲೋಮಿನಾ ಕಪ್ಪು ಕನ್ನಡಕ ಕೊಟ್ಟು
"ಮುಖಕ್ಕೆ ಟವೆಲು ಸುತ್ಕೊ, ಕೈ ಮೇಲೆತ್ತು" ಎಂದಳು.
ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಿಂತೆ,
ಸುತ್ತ ಆಳೆತ್ತರದ ಟ್ಯೂಬುಗಳು, ಮೈಮೇಲೆ ಬಟ್ಟೆಯಿಲ್ಲ.
ಫ್ಯಾನು ಗುಂಯ್ಯೆಂದಿತು. ಟಕ್ಕೆಂದು ಆರಿತು.
ಇಷ್ಟಕ್ಕಾ ಅರ್ಧ ದಿನ ರಜೆ ಹಾಕಿದ್ದು?

ಹನ್ನೆರಡು ವರ್ಷ ಬಸ್ಸಿನಲ್ಲಿ ನಿಂತವಳು ನಾನು,
ಶಿವಾಜಿನಗರದಿಂದ ಬನಶಂಕರಿ, ಎರಡು ಬಾಗಿಲ ನಡುವೆ.
ಎಷ್ಟು ಬಿಸಿಲು ಪುಕ್ಕಟೆ ಹತ್ತಿ ಇಳಿಯಿತೋ;
ಖಾಕಿ ತೋಳಿನೊಳಕ್ಕೆ ಒಂದು ದಿನವೂ
ಬಿಟ್ಟುಕೊಂಡಿಲ್ಲ.

ತೋಳಿನೊಳಗೆ ಅದಿತ್ತು.
ಬೆಳಗ್ಗೆ ಮಗಳು ಏಳುವ ಮುಂಚೆ
ಹಾಸಿಗೆ ಕೊಡವಿ, ಗುಡಿಸಿ, ಮೊರದಲ್ಲಿ
ನನ್ನನ್ನೇ ಒಂದು ಹಿಡಿ ಎತ್ತಿ
ಹೊರಗೆ ಚೆಲ್ಲುತ್ತಿದ್ದೆ.

ನಾಗದೋಷ, ಘಾಟಿಗೆ ಹೋಗಿ ಬಾ ಎಂದರು ಅತ್ತೆ.
ಹೋದೆ. ಹಾಲೆರೆದೆ. ಕಲ್ಲಿನ ಹೆಡೆಯನ್ನು ಕೇಳಿದೆ:
ನೀನೂ ಪೊರೆ ಬಿಡುವವನು, ನಾನೂ.
ನಿನಗೆ ಅರಿಶಿನ ಕುಂಕುಮ,
ನನ್ನ ಪಕ್ಕದ ಸೀಟು ಯಾಕೆ ಖಾಲಿ?
ಪೊರೆಯಪ್ಪಾ ಎಂದು ಬೇಡಲು ಹೋದರೆ
ಅದೇ ಮಾತು ಬಾಯಲ್ಲಿ ತೊಡರಿತು.

ಸೋರಿಯಾಸಿಸ್, ಅಂಟುವುದಿಲ್ಲ ಎಂದು
ಡಾಕ್ಟರು ಚೀಟಿ ಬರೆದರು.
ಚೀಟಿಯನ್ನು ಕತ್ತಿಗೆ ಕಟ್ಟಿಕೊಂಡು ಟಿಕೆಟ್ ಹರಿಯಲೇ?
ಐದರ ಬಿಲ್ಲೆಯನ್ನು ಅಂಗೈಗೆ ತಾಗದಂತೆ
ಗೇಣು ಮೇಲಿಂದ ಬೀಳಿಸುತ್ತಾರೆ.
ಬಗ್ಗಿ ಹೆಕ್ಕುತ್ತೇನೆ. ಚಿಲ್ಲರೆ ಚಿಲ್ಲರೆಯೇ.

ಇಲ್ಲಿ ಬೆಳಕನ್ನೂ ಚಿಲ್ಲರೆಯಲ್ಲೇ ಕೊಡುವುದು,
ವಾರಕ್ಕೆ ಮೂರು ಸಲ, ಇಪ್ಪತ್ತೆರಡು, ಇಪ್ಪತ್ತನಾಲ್ಕು.
ಹೆಚ್ಚಾದರೆ ಸುಡುತ್ತದೆ.
ಬೆಂಚಿನ ಮೇಲೆ ಬಿರಿಯಾನಿ ಮಾಸ್ಟರ್ ಗೌಸಣ್ಣ,
ನಿಶ್ಚಿತಾರ್ಥ ಮುಂದೂಡಿದ ಹಲಸೂರಿನ ಹುಡುಗ.
"ನಿಂದೆಷ್ಟಾಯ್ತು?" "ಐವತ್ತು."
"ನಂದು ಎಂಬತ್ತು ಕಣಕ್ಕಾ!"
ಪರೀಕ್ಷೆಯ ಮಾರ್ಕ್ಸಿನ ಜಂಬ.
ದಸರೆಯಲ್ಲಿ ಮೆಷಿನ್ನು ಕೆಟ್ಟಾಗ
ಎಲ್ಲರೂ ಒಟ್ಟಿಗೆ ಫೇಲಾದೆವು.

ಮೂವತ್ತನೇ ಸಲವೋ ಏನೋ, ಮೊಣಕೈ ನೋಡಿಕೊಂಡೆ:
ಬಿಳಿ ಹೋಗಿ ಕಂದು ಗುರುತು,
ಹಳೇ ಗೋಡೆಯಲ್ಲಿ ಕ್ಯಾಲೆಂಡರ್ ತೆಗೆದ ಜಾಗ.
ಚಳಿಗೆ ತಿರುಗಿ ಬರಬಹುದಂತೆ.
ಬರಲಿ. ನನ್ನ ಬಸ್ಸಿಗೂ ರಿಟರ್ನ್ ಟ್ರಿಪ್ಪಿದೆ.

ಇವತ್ತು ಸಿಗ್ನಲ್ಲಿನಲ್ಲಿ ಕೆಂಪು ಅಂಕಿ
ನೂರಾ ಹನ್ನೆರಡರಿಂದ ಇಳಿಯುತ್ತಿತ್ತು.
ನನ್ನ ಪಾಲಿನ ಸೆಕೆಂಡೂ ಈಗ ಅಷ್ಟೇ.
ತೋಳು ಮಡಚಿ, ಮೊಣಕೈಯನ್ನು
ಕಿಟಕಿಯ ಕಂಬಿಯ ಮೇಲಿಟ್ಟು
ಕಣ್ಣು ಮುಚ್ಚಿ ಎಣಿಸಿದೆ.

ಡ್ರೈವರ್ ಚೆಲುವರಾಜು ಕನ್ನಡಿಯಲ್ಲಿ ನೋಡಿ
"ಹಿಂದೆ ಹತ್ತಿದೋರಿಗೆ ಟಿಕೆಟ್ ಕೊಡಮ್ಮ" ಅಂದ.
"ತಡಿಯಣ್ಣ," ಅಂದೆ,
"ಇನ್ನೂ ಒಂಬತ್ತಿದೆ."