ಮೂಟೆಯ ಹೊಲಿಗೆ

ಇಪ್ಪತ್ತೆರಡು ವರ್ಷ ಕಾಳು ಆರಿಸಿದ್ದೇನೆ,
ಹಾಸನದ ಬಿ.ಎಂ. ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ,
ಮೂರನೇ ಸಾಲು, ಕಿಟಕಿ ಪಕ್ಕದ ಮಣೆ.
ಕರಿಕಾಳು ಎಡಕ್ಕೆ, ಒಡಕು ಬುಟ್ಟಿಗೆ,
ಪೀಬೆರಿ ಬಂದರೆ ಬೆರಳಿಗೇ ಗೊತ್ತು,
ಕಣ್ಣು ಆಮೇಲೆ ಬರುತ್ತದೆ.
ಲಿಯೋ ಮೇಸ್ತ್ರಿ ಒಂದು ಹಿಡಿ ಎತ್ತಿ ನೋಡಿ
'ಇಂದ್ರಾಣಿ ಆರಿಸಿದ್ದಕ್ಕೆ ಇನ್ನೊಂದು ಕಣ್ಣು ಬೇಡ' ಅಂದಿದ್ದ.
ಆ ಮಾತನ್ನು ಸಂಬಳದ ಜೊತೆ ಮನೆಗೆ ಒಯ್ದಿದ್ದೆ.

ಮೊದಲು ಸೀನು.
ಸೋಮವಾರ ಒಂದೆರಡು, ಶನಿವಾರಕ್ಕೆ ಲೆಕ್ಕ ತಪ್ಪಿತು,
ಭಾನುವಾರ ಹಗಲೆಲ್ಲ ಒಂದೂ ಇಲ್ಲ.
'ನಿನ್ನ ಮೂಗಿಗೂ ವಾರದ ರಜೆ ಗೊತ್ತು ಕಣೇ'
ಮುಮ್ತಾಜ್ ನಕ್ಕಳು.
ಆಮೇಲೆ ಹಾಸಿಗೆಗೆ ಬಂದರೂ ಕೆಮ್ಮು, ಎದೆಯಲ್ಲಿ ಸೀಟಿ.
ರಾತ್ರಿ ಎರಡಕ್ಕೆ ಎದ್ದು ಕೂತರೆ, ಒಳಗೆ ಯಾರೋ
ಬೀಗದ ಕೈ ಕಳಕೊಂಡು
ಬಾಗಿಲ ಸಂದಿಯಲ್ಲಿ ಊದುತ್ತಿದ್ದಾರೆ.

ದೊಡ್ಡಾಸ್ಪತ್ರೆಯಲ್ಲಿ ಮುಂಗೈ ಮೇಲೆ
ಪೆನ್ನಿನಲ್ಲಿ ಹದಿನಾಲ್ಕು ಅಂಕಿ ಬರೆದರು,
ಅಂಕಿಗೊಂದು ಹನಿ, ಹನಿಗೊಂದು ಚುಚ್ಚು.
ಹದಿನೈದು ನಿಮಿಷ ಗೋಡೆ ಗಡಿಯಾರ ನೋಡಿದೆ.
ಕಾಂಗ್ರೆಸ್ ಗಿಡ ಸುಮ್ಮನಿತ್ತು. ಜಿರಳೆಯೂ.
ಆರನೆಯದು, ಹಾಸಿಗೆಯ ನುಸಿ, ಅವರೆಕಾಳಿನಷ್ಟು ಎದ್ದಿತು.
ಹನ್ನೊಂದನೆಯದು ನಾನೇ ಪೊಟ್ಟಣ ಕಟ್ಟಿ ಒಯ್ದದ್ದು,
ನಮ್ಮ ಮಣೆಯ ಮೇಲಿನ ಧೂಳು.
ಕೆಂಪಗೆ ಕೂತು ನನ್ನನ್ನೇ ನೋಡಿತು.

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು.
ಚೀಟಿ ಹಿಂದೆ ದುಂಡಗೆ ಬರೆದು ಒಳಗೆಲ್ಲ ಚುಕ್ಕಿ ಇಟ್ಟಳು:
'ಇದು ಮಾಸ್ಟ್ ಕೋಶ.'
ಕೋಶವೇನು, ಮೂಟೆ, ಅಂದೆ.
ಪೆನ್ನು ನಿಲ್ಲಿಸಿ, ಹೌದು ಮೂಟೆಯೇ, ಅಂದಳು.
ಮೈತುಂಬ ಕೊಕ್ಕೆ ಸಿಕ್ಕಿಸಿಕೊಂಡ ಮೂಟೆ,
ನಮ್ಮ ಹಮಾಲರ ಕೊಕ್ಕೆಯಂಥವೇ.
ಯಾವತ್ತೋ ಯಾವುದೋ ಕೋಶ
ಧೂಳನ್ನು ಹುಳುವೆಂದುಕೊಂಡು ಅಪ್ಪಣೆ ಕೊಟ್ಟಿದೆ,
ಇನ್ನೊಂದು ಕೂತು ಕೊಕ್ಕೆ ಎರೆದಿದೆ,
ಈ ಧೂಳಿಗೆಂದೇ ಅಳತೆ ತೆಗೆದ ಕೊಕ್ಕೆ.
ಒಂದು ಕಣ ಎರಡಕ್ಕೆ ಒಟ್ಟಿಗೆ ತಗುಲಿದರೆ ಸಾಕು;
ಸರಿಯಾದ ತುದಿ ಎಳೆದಾಗ
ಮೂಟೆಯ ಹೊಲಿಗೆ ಸರಸರ ಬಿಚ್ಚುವುದಿಲ್ಲವೇ,
ಹಾಗೆ ಬಾಯಿಬಿಟ್ಟು ಸುರಿಯುತ್ತದೆ ಎಲ್ಲ.
ಆ ಕಾಳಿನ ಹೆಸರು ಹಿಸ್ಟಮಿನ್.
ಮಿಕ್ಕದ್ದು ಚೆಲ್ಲಿದ ಕಾಳಿನ ಮೇಲೆ ಕಾಲಿಟ್ಟವರ ಪಾಡು.

ಸಿಟ್ಟು ಬರಬೇಕಿತ್ತು. ನಾಚಿಕೆ ಬಂತು.
ಒಂದು ಕರಿಕಾಳು ಬಿಡದವಳ ಮೈಯೊಳಗೆ
ಆರಿಸಲು ಬಾರದವಳೊಬ್ಬಳು ಕೂತಿದ್ದಾಳೆ,
ಒಳ್ಳೆ ಕಾಳನ್ನೇ ಕರಿ ಕರಿ ಎಂದು ಕೂಗುತ್ತ.
ಬಸ್ಸಿನಲ್ಲಿ ಅನ್ನಿಸಿತು: ಬಾರದೆಂದಲ್ಲ,
ಅವಳಿಗೆ ಅತಿಯಾಗಿ ಬರುತ್ತದೆ.
ನನ್ನದೇ ಕೈ.

ನುಸಿಗೆ ಔಷಧವಿದೆ. ನುಸಿಯೇ.
ಸೂಜಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು,
ವಾರ ವಾರ ಇಷ್ಟಿಷ್ಟೇ ಜಾಸ್ತಿ,
ಆಮೇಲೆ ತಿಂಗಳಿಗೊಮ್ಮೆ, ಮೂರು ವರ್ಷ.
ಚುಚ್ಚಿಸಿಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು,
ಅಡ್ರಿನಲಿನ್ ಕೈಗೆಟಕುವ ಹಾಗಿಟ್ಟುಕೊಂಡು
ಎದುರಿಗೆ ನರ್ಸ್ ವನಜಾಕ್ಷಿ.
ಹೊಸಬರನ್ನು ನಾವು ಪಳಗಿಸುವುದೂ ಹೀಗೇ:
ಮೊದಲ ದಿನ ಒಂದು ಹಿಡಿ, ಮರುದಿನ ಅರ್ಧ ಮೊರ,
ಬೈಯಬಾರದು.
ಒಳಗೆ ತಾಳ್ಮೆಯ ಕೋಶಗಳು ಹೆಚ್ಚುತ್ತವಂತೆ,
'ಬಿಡು, ಗೊತ್ತಿರೋದೇ' ಅನ್ನುವಂಥವು.
ಕೊಕ್ಕೆಗೆ ಸಿಕ್ಕುವ ಮೊದಲೇ ಕಣವನ್ನು ಹಿಡಿದು
ಬದಿಗೆ ಕೂರಿಸುವ ಬೇರೆ ಕೈಗಳೂ.
ಎಂಟನೇ ತಿಂಗಳಲ್ಲಿ ಒಂದು ರಾತ್ರಿ
ಎರಡು ಗಂಟೆ ನನಗೆ ಗೊತ್ತಾಗದೆ ಕಳೆದುಹೋಯಿತು.

ಕಾಫಿ ಧೂಳಿಗೆ ಅಂಥ ಸೂಜಿ ಇಲ್ಲ.
ಮಾಸ್ಕು, ಪಂಪು, ಆಗದಿದ್ದರೆ ಬೇರೆ ಕೆಲಸ.
ಮೂರನೆಯದನ್ನು ಅವಳು ಚೀಟಿಯಲ್ಲಿ ಬರೆಯಲಿಲ್ಲ.

ಈಗ ಗೇಟಿನ ಹತ್ತಿರ ತೂಕದ ಪುಸ್ತಕ ಬರೆಯುತ್ತೇನೆ.
ಊಟಕ್ಕೆ ಮುಮ್ತಾಜ್ ದುಪಟ್ಟಾ ಕೊಡವಿಯೇ ಬರುತ್ತಾಳೆ,
ಫ್ಲಾಸ್ಕಿನ ಕಾಫಿ ಇಬ್ಬರಿಗೂ;
ಹುರಿದು ಕುದಿಸಿದ್ದರ ಮೇಲೆ ನನ್ನ ಮೂಟೆಗಳಿಗೆ ತಕರಾರಿಲ್ಲ.

ಮೊನ್ನೆ ಲಾರಿ ಹೋದ ಮೇಲೆ
ತಕ್ಕಡಿಯ ಬುಡದಲ್ಲಿ ಒಂದು ಕಾಳು ಬಿದ್ದಿತ್ತು.
ಎತ್ತಿಕೊಂಡೆ. ಬೆರಳಿಗೆ ಗೊತ್ತಾಯಿತು, ಪೀಬೆರಿ.
ಮಾಸ್ಕು ಏರಿಸಿಕೊಂಡು,
ಎಡಕ್ಕೂ ಹಾಕದೆ ಬಲಕ್ಕೂ ಹಾಕದೆ
ತುಸು ಹೊತ್ತು ಹಾಗೇ ಇಟ್ಟುಕೊಂಡಿದ್ದೆ.